ನದಿಯ ಕೆಳಗಿನ ಪೈಪು: ನಿಲ್ಲಿಸೋಕಾಗದ ವ್ಯವಸ್ಥೆಯ ರಿಪೇರಿ

ಸರ್ವರ್ ಡೌನ್ ಆದರೆ ಏನಾಗುತ್ತೆ ಅಂತ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ, ಅಷ್ಟೇ ತಾನೆ? ಇವತ್ತು ನಾನು ಹೇಳಹೊರಟಿರೋದು ಒಂದು ಗಂಟೆಯೂ ನಿಲ್ಲಿಸೋಕಾಗದ ವ್ಯವಸ್ಥೆಯ ಬಗ್ಗೆ: ನದಿಯ ತಳದಡಿ ಹಾದುಹೋಗುವ ಒಳಚರಂಡಿ ಪೈಪು.

ಒಳಚರಂಡಿ ಸಾಮಾನ್ಯವಾಗಿ ಇಳಿಜಾರಿನಲ್ಲಿ ಹರಿಯುತ್ತೆ, ಪೈಪು ಪೂರ್ತಿ ತುಂಬಿರಲ್ಲ. ನದಿ ಅಡ್ಡ ಬಂದಾಗ ಪೈಪನ್ನು ಕೆಳಗಿಳಿಸಿ, ಆಚೆ ದಡದಲ್ಲಿ ಮತ್ತೆ ಮೇಲೆ ತರುತ್ತಾರೆ. ಇದೇ ಇನ್‌ವರ್ಟೆಡ್ ಸೈಫನ್. ಈ ಭಾಗ ಸದಾ ತುಂಬಿಯೇ ಇರುತ್ತೆ. ವೇಗ ಕಮ್ಮಿಯಾದರೆ ಮರಳು, ಜಿಡ್ಡು ತಳದಲ್ಲಿ ಕೂರುತ್ತೆ. ಗಾಳಿಯಿಲ್ಲದ ಆ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತವೆ. ಆಚೆ ದಡದ ಚೇಂಬರ್‌ನಲ್ಲಿ ನೀರು ಮೇಲೆ ಬಂದು ಕಲಕಿದಾಗ ಅನಿಲ ಹೊರಬೀಳುತ್ತೆ. ಒದ್ದೆ ಗೋಡೆಯ ಮೇಲಿನ ಬೇರೆ ಬ್ಯಾಕ್ಟೀರಿಯಾಗಳು ಅದನ್ನೇ ಗಂಧಕಾಮ್ಲ ಮಾಡುತ್ತವೆ. ವರ್ಷಗಳು ಕಳೆದ ಹಾಗೆ ಕಾಂಕ್ರೀಟ್ ಸವೆಯುತ್ತೆ.

ಸರಿ, ರಿಪೇರಿ ಹೇಗೆ? ನದಿಯನ್ನಂತೂ ಅಗೆಯೋಕಾಗಲ್ಲ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಒಂದು ದಾರಿ ತೋರಿಸಿದರು. ಮೊದಲು ಪಂಪ್ ಹಾಕಿ ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸಬೇಕು. ಹಳೆಯ ಪೈಪನ್ನು ತೊಳೆದು, ಕ್ಯಾಮೆರಾ ಬಿಟ್ಟು ನೋಡಬೇಕು. ಆಮೇಲೆ ರಾಳದಲ್ಲಿ ನೆನೆಸಿದ ಫೆಲ್ಟ್ ಬಟ್ಟೆಯ ಕೊಳವೆಯನ್ನು, ಅಂಗಿಯ ತೋಳನ್ನು ತಿರುವಿದ ಹಾಗೆ, ನೀರಿನ ಅಥವಾ ಗಾಳಿಯ ಒತ್ತಡದಿಂದ ಒಳಗೆ ತಳ್ಳುತ್ತಾರೆ. ಬಿಸಿನೀರು ಇಲ್ಲವೇ ಹಬೆ ಕೊಟ್ಟರೆ ರಾಳ ಗಟ್ಟಿಯಾಗುತ್ತೆ. ಹಳೆಯ ಪೈಪಿನೊಳಗೆ ಹೊಸ ಪೈಪು ಸಿದ್ಧ. ಆದರೆ ಹಳೆಯದು ಆಕಾರ ಉಳಿಸಿಕೊಂಡಿರಬೇಕು. ಪೂರ್ತಿ ಕುಸಿದ ಮೇಲೆ ಈ ಉಪಾಯ ನಡೆಯಲ್ಲ.

ಪೈಪು ಹಳೆಯದಾದರೆ ಮಾತ್ರ ಅಪಾಯ ಅಂದ್ಕೋಬೇಡಿ. ಪೋಲೆಂಡಿನ ವಾರ್ಸಾದಲ್ಲಿ ವಿಸ್ತುಲಾ ನದಿಯಡಿ ಎರಡು ಪೈಪುಗಳು ಎಡದಂಡೆಯ ಕೊಳಚೆಯನ್ನು ಆಚೆಯ ಚೈಕಾ ಶುದ್ಧೀಕರಣ ಘಟಕಕ್ಕೆ ಒಯ್ಯುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆ ಅನ್ನೋ ಲೆಕ್ಕ. ಆದರೆ ಎರಡೂ ಇದ್ದದ್ದು ಒಂದೇ ಸುರಂಗದಲ್ಲಿ! 2019ರ ಆಗಸ್ಟ್‌ನಲ್ಲಿ ಒಂದರ ಹಿಂದೆ ಒಂದು ಎರಡೂ ಕೆಟ್ಟವು. ಕೊಳಚೆಯನ್ನು ನದಿಗೇ ಬಿಡಬೇಕಾಯ್ತು. ಸೈನ್ಯ ತೇಲುಸೇತುವೆ ಕಟ್ಟಿ, ಅದರ ಮೇಲೆ ತಾತ್ಕಾಲಿಕ ಪೈಪು ಹಾಕಿದರು. ರಿಪೇರಿಯಾದ ಮೇಲೆ 2020ರ ಆಗಸ್ಟ್‌ನಲ್ಲಿ ಮತ್ತೆ ಅದೇ ಕಥೆ. ಕೊನೆಗೆ ನದಿಯಡಿ ಬೇರೆಯದೇ ಮಾರ್ಗ ಕೊರೆಯಬೇಕಾಯ್ತು. ಬ್ಯಾಕಪ್ಪನ್ನು ಅದೇ ರ್‍ಯಾಕ್‌ನಲ್ಲಿ ಇಟ್ಟರೆ ಅದು ಬ್ಯಾಕಪ್ ಅಲ್ಲ ಅಂತ ನಾವು ಹೇಳ್ತೀವಲ್ಲ, ಇದೂ ಅದೇ.

ಕೊನೆಯದಾಗಿ ನಮ್ಮ ಊರುಗಳ ಮಾತು. ಪುಣೆಯ ಮುಠಾ, ಹೈದರಾಬಾದಿನ ಮೂಸಿ, ಚೆನ್ನೈನ ಕೂವಂ ದಡದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರೋರು ನಾವು. ಫ್ಲಶ್ ಮಾಡಿದ ಮೇಲೆ ಯೋಚನೆ ಮಾಡಲ್ಲ. ಆ ಚೇಂಬರ್‌ನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದ ಹಾಗೆ ಮಾಡುತ್ತೆ. ಇಳಿದವರು ಹತ್ತಿ ಬರಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸೋದನ್ನು 2013ರ ಕಾನೂನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆದರೂ ಇಳಿಸ್ತಾರೆ. ಕ್ಯಾಮೆರಾ ಇದೆ, ಯಂತ್ರ ಇದೆ, ಐವತ್ತು ವರ್ಷ ದಾಟಿದ ತಂತ್ರಜ್ಞಾನ ಇದೆ.

ನಿಮ್ಮ ಸೊಸೈಟಿಯ ಮುಂದೆ ಮುಂದಿನ ಸಲ ಮ್ಯಾನ್‌ಹೋಲ್ ತೆರೆದಾಗ ಮೂಗು ಮುಚ್ಚಿಕೊಂಡು ಹೋಗಬೇಡಿ. ಒಂದು ನಿಮಿಷ ನಿಂತು ಕೇಳಿ: ಒಳಗೆ ಹೋಗ್ತಿರೋದು ಯಂತ್ರವೋ, ಮನುಷ್ಯನೋ?