ಅರಳುಮರಳೂ ಸನ್ನಿಯೂ

ಚಾಂಪಿಯನ್ ರೀಫ್ಸಿನ ಗಣಿ 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿತ್ತು. ಆ ಪಾತಾಳದಲ್ಲಿ ಬಂಡೆ ಸಿಡಿದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಹಳೆಯ ಮನೆ, ನಡುಗುವುದು ಸಹಜ ಎಂದು ಯಾರೂ ಸುಮ್ಮನಿರುತ್ತಿರಲಿಲ್ಲ. ಕೆಳಗೆ ಏನೋ ಆಗಿದೆಯೆಂದು ಅರಿಯುತ್ತಿದ್ದರು. 2001ರಲ್ಲಿ ಗಣಿಗಳು ಮುಚ್ಚಿದವು. ಅಂದು ದುಡಿದವರು ಇಂದು ವೃದ್ಧರು. ಕೆಲವರನ್ನು ಮರೆವಿನ ರೋಗ ಕಾಡುತ್ತಿದೆ.

ಅಂಥ ಹಿರಿಯರು ಒಂದು ಸಂಜೆ ಇದ್ದಕ್ಕಿದ್ದಂತೆ ಇಲ್ಲದವರೊಡನೆ ಮಾತನಾಡತೊಡಗಿದರೆ, ಮನೆಯವರು 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯಿಂದ ಸಮಾಧಾನ ತಂದುಕೊಳ್ಳುತ್ತಾರೆ. ಕನ್ನಡ ಕಲಿಸಿದ ನನಗೆ ಇಲ್ಲಿ ನಮ್ಮ ಭಾಷೆಯ ಎರಡು ಮಾತುಗಳು ನೆನಪಾಗುತ್ತವೆ. ಅರಳುಮರಳು ತಿಂಗಳು, ವರ್ಷಗಳಲ್ಲಿ ಮೆಲ್ಲನೆ ಆವರಿಸುವಂಥದು. ಸನ್ನಿ ಗಂಟೆಗಳಲ್ಲಿ, ದಿನಗಳಲ್ಲಿ ಎರಗುವಂಥದು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಮರೆವಿನ ರೋಗವಿದ್ದವರಿಗೆ ಇದರ ಭಯ ಹೆಚ್ಚು. ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು, ಹೊಸದಾಗಿ ಕೊಟ್ಟ ಔಷಧ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ವೃದ್ಧರಲ್ಲಿ ಜ್ವರ ಕಾಣದೆಯೂ ಸೋಂಕಿರಬಹುದು. ಕೂಗಾಡುವವರಿಗಿಂತ, ಮಂಕಾಗಿ ಮಲಗಿಬಿಡುವವರ ಸನ್ನಿಯೇ ಹೆಚ್ಚಾಗಿ ಕಣ್ತಪ್ಪುತ್ತದೆ.

ಆದುದರಿಂದ ನಿನ್ನೆಗೂ ಇಂದಿಗೂ ಆದ ವ್ಯತ್ಯಾಸವನ್ನು, ಆಹಾರ, ನೀರು, ಔಷಧಗಳ ವಿವರವನ್ನು ಬರೆದುಕೊಂಡು ಅಂದೇ ವೈದ್ಯರನ್ನು ಕಾಣಬೇಕು. ಬಾಯಿ ಸೊಟ್ಟಗಾದರೆ, ಕೈಯಲ್ಲಿ ಬಲ ಕುಂದಿದರೆ, ಮಾತು ತೊದಲಿದರೆ ಪಾರ್ಶ್ವವಾಯುವಿನ ಶಂಕೆ; ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮರೆವಿನ ರೋಗ ವಾಸಿಯಾಗದಿರಬಹುದು. ಸನ್ನಿಯಾದರೋ ಕಾರಣವರಿತು ಚಿಕಿತ್ಸೆ ಮಾಡಿದರೆ ಬಹುಮಟ್ಟಿಗೆ ಇಳಿಯುತ್ತದೆ. ನೋವೆಂದು ಹೇಳಲು ಮಾತು ಮರೆತವರ ಪರವಾಗಿ ಹೇಳಬೇಕಾದವರು ಜೊತೆಯಲ್ಲಿರುವ ನಾವೇ.