ಇನ್ನೊಂದು ಮೇಜಿನ ಮುಂದೆ



ಕೆಲವು ತಿಂಗಳ ಹಿಂದಿನ ಮಾತು. ಒಂದು ಮಂಗಳವಾರ ಸಂಜೆ ವಾಸ್ಕೊದ ನಮ್ಮ ಮನೆಯ ಬಾಗಿಲಿಗೆ ಒಬ್ಬ ಹುಡುಗ ಬಂದು ನಿಂತ. ಬಾಗಲಕೋಟೆ ಕಡೆಯ ಮನೆತನ. ತಂದೆ ಗೌಂಡಿ; ಕೆಲಸ ಹುಡುಕಿಕೊಂಡು ಗೋವೆಗೆ ಬಂದು ಜುವಾರಿನಗರದಲ್ಲಿ ನೆಲೆ ನಿಂತವರು. ಹುಡುಗ ಹುಟ್ಟಿದ್ದೂ ಬೆಳೆದದ್ದೂ ಇಲ್ಲಿಯೇ. ಕಲಂಗೂಟ್ ಕಡೆಯ ಒಂದು ಹೊಟೇಲಿನಲ್ಲಿ ಕೆಲಸ. ಮಂಗಳವಾರ ಅವನಿಗೆ ರಜೆ. ಹೊಟೇಲಿನ ಪಕ್ಕದ ಬಾರಿನಲ್ಲಿ ಒಂದು ಚಿಕ್ಕ ಪೂಲ್ ಮೇಜು ಇದೆಯಂತೆ. ರಾತ್ರಿ ಕೆಲಸ ಮುಗಿಸಿ ಅಲ್ಲಿ ಆಡಿ ಆಡಿ ಕೈ ಎಷ್ಟು ಪಳಗಿದೆಯೆಂದರೆ, ಆರು ತಿಂಗಳಿಂದ ಆ ಮೇಜಿನ ಮೇಲೆ ಅವನನ್ನು ಸೋಲಿಸಿದವರಿಲ್ಲ. ಇದನ್ನು ನೋಡಿದ ಯಾರೋ ಒಬ್ಬರು, 'ಕೆಲಸ ಬಿಡು, ಖರ್ಚು ನಾನು ನೋಡಿಕೊಳ್ಳುತ್ತೇನೆ, ನಾನು ಹೇಳಿದ ಕಡೆ ಪಣ ಕಟ್ಟಿ ಆಡು, ಗೆದ್ದದ್ದರಲ್ಲಿ ಅರ್ಧ ನಿನಗೆ' ಎಂದಿದ್ದರು.

"ಕಾಕಾರ, ಕೆಲಸಾ ಬಿಟ್ಟುಬಿಡ್ಲೇನ್ರಿ?" ಎಂದು ಹುಡುಗ ಕೇಳಿದ. "ಸ್ನೂಕರ್ ಆಡೋ ದೊಡ್ಡ ದೊಡ್ಡ ಆಟಗಾರ್ರು ಪೂಲ್ ಆಡಾಕ ಬಂದಾರಂತ. ರೊಕ್ಕಾ ಅದರಾಗ ಐತಂತ."

ನನ್ನನ್ನೇ ಏಕೆ ಕೇಳಿದ ಎಂದರೆ, ನೌಕರಿಯಲ್ಲಿದ್ದಾಗ ನಾನು ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಬಹಳ ಸಂಜೆಗಳನ್ನು ಕಳೆದವನು. ಅಲ್ಲಿದ್ದ ಮುದುಕ ಮಾರ್ಕರ್ ಒಬ್ಬರು ನನಗೆ ಕೋಲು ಹಿಡಿಯುವುದನ್ನು ಕಲಿಸಿದರು. ನಾನು ಒಳ್ಳೆಯ ಆಟಗಾರನಾಗಲಿಲ್ಲ. ಆದರೆ ನೋಡುವ ಹುಚ್ಚು ಮಾತ್ರ ಬಿಡಲಿಲ್ಲ. ಆ ದಿನ ಹುಡುಗನಿಗೆ ಏನು ಹೇಳಿದೆನೋ ಅದನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಆಟದ ವಿಷಯ. ನೋಡುವವರಿಗೆ ಎರಡೂ ಒಂದೇ. ಹಸಿರು ಬಟ್ಟೆಯ ಮೇಜು, ಬಣ್ಣದ ಚೆಂಡುಗಳು, ಉದ್ದನೆಯ ಕೋಲು. ಆದರೆ ಹತ್ತಿರ ಹೋದರೆ ಗೊತ್ತಾಗುತ್ತದೆ. ಸ್ನೂಕರ್ ಮೇಜು 12 ಅಡಿ ಉದ್ದ, 6 ಅಡಿ ಅಗಲ. ಪಂದ್ಯದ ಪೂಲ್ ಮೇಜು 9 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಸ್ನೂಕರ್ ಚೆಂಡು ಚಿಕ್ಕದು, ಗುಂಡಿಯೂ ಇಕ್ಕಟ್ಟು, ಅದರ ಬಾಯಂಚು ದುಂಡಗೆ. ಪೂಲ್ ಚೆಂಡು ದೊಡ್ಡದು, ಗುಂಡಿ ಅಗಲ. ಸ್ನೂಕರ್ ಬಟ್ಟೆಗೆ ಮಕಮಲ್ಲಿನ ಹಾಗೆ ಒಂದು ದಿಕ್ಕಿಗೆ ಒರಗಿದ ರೋಮವಿರುತ್ತದೆ. ಪೂಲ್ ಬಟ್ಟೆ ನುಣುಪು, ಚೆಂಡು ಸರ್ರನೆ ಓಡುತ್ತದೆ.

ಹಾಗಾದರೆ ಸ್ನೂಕರ್ ಆಡಿದವನಿಗೆ ಪೂಲ್ ಸುಲಭವಲ್ಲವೇ ಎಂದು ನೀವು ಕೇಳಬಹುದು. ಚೆಂಡನ್ನು ಗುಂಡಿಗೆ ಹಾಕುವುದಷ್ಟೇ ಆದರೆ ಸುಲಭವೇ. ಉಳಿದದ್ದು ಹಾಗಲ್ಲ. ಸ್ನೂಕರ್‌ನಲ್ಲಿ ಮೊದಲ ಪೆಟ್ಟು ಬಹಳ ಮೆಲ್ಲನೆಯದು. ಕೆಂಪು ಚೆಂಡುಗಳ ಗುಂಪನ್ನು ಸವರಿ ಬಿಳಿ ಚೆಂಡು ಸುರಕ್ಷಿತವಾಗಿ ಹಿಂದಕ್ಕೆ ಬರಬೇಕು. ಒಂಬತ್ತು ಚೆಂಡಿನ ಪೂಲ್‌ನಲ್ಲಿ ಮೊದಲ ಪೆಟ್ಟೇ ಸಿಡಿಲು. ಗುಂಪನ್ನು ಒಡೆದು ಚೆಲ್ಲಬೇಕು. ಸ್ನೂಕರ್‌ನಲ್ಲಿ ಅಡ್ಡ ಇರುವ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸಿದರೆ ತಪ್ಪು. ಪೂಲ್‌ನಲ್ಲಿ ಹಾಗೆ ಹಾರಿಸಬಲ್ಲವನು ಜಾಣ. ಸ್ನೂಕರ್‌ನಲ್ಲಿ ತಪ್ಪು ಮಾಡಿದರೆ ಎದುರಾಳಿಗೆ ನಾಲ್ಕರಿಂದ ಏಳು ಅಂಕ. ಪೂಲ್‌ನಲ್ಲಿ ತಪ್ಪಿದರೆ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿ ಬೇಕಾದ ಕಡೆ ಇಟ್ಟುಕೊಳ್ಳುತ್ತಾನೆ; ಒಂದು ತಪ್ಪಿಗೆ ಒಂದು ಆಟವೇ ಹೋದೀತು. ಅಂದರೆ ಒಂದು ಮೇಜಿನ ಸದ್ಗುಣ ಇನ್ನೊಂದು ಮೇಜಿನಲ್ಲಿ ಅಪರಾಧ. ಕೈ ಕಲಿತದ್ದು ಜೊತೆಗೆ ಬರುತ್ತದೆ. ತಲೆ ಕಲಿತದ್ದನ್ನು ಅರ್ಧ ಮರೆಯಬೇಕಾಗುತ್ತದೆ.

ಸ್ನೂಕರ್ ನಮಗೇನೂ ಪರದೇಶದ್ದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1875ರಲ್ಲಿ ಜಬಲಪುರದ ದಂಡಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೈನ್ಯಾಧಿಕಾರಿ ಅದನ್ನು ಆರಂಭಿಸಿದನೆಂದು ಹೇಳುತ್ತಾರೆ. ಆಮೇಲೆ ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ನಮ್ಮ ನೆರೆಯ ಊಟಿಯ ಕ್ಲಬ್ಬಿನಲ್ಲಿ.

ಇನ್ನು ಮೇಜು ಬದಲಿಸಿದ ಮಹಾಶಯರ ಕತೆ. ಇಂಗ್ಲೆಂಡಿನ ಸ್ಟೀವ್ ಡೇವಿಸ್ 1981ರಿಂದ 1989ರೊಳಗೆ ಆರು ಸಲ ವಿಶ್ವ ಸ್ನೂಕರ್ ಚಾಂಪಿಯನ್ ಆದವರು. 1994ರಲ್ಲಿ ಯೂರೋಪ್ ಮತ್ತು ಅಮೆರಿಕದ ನಡುವೆ ಮೊಸ್ಕೋನಿ ಕಪ್ ಎಂಬ ಪೂಲ್ ಪಂದ್ಯಾವಳಿ ಆರಂಭವಾದಾಗ, ಈ ಮನುಷ್ಯ ಆ ಮೇಜಿನ ಮುಂದೆ ಹೊಸಬನ ಹಾಗೆ ಹೋಗಿ ನಿಂತರು. 2004ರವರೆಗೆ ಹನ್ನೊಂದು ಸಲ ಆಡಿದರು. ಹೆಚ್ಚಿನ ವರ್ಷ ಗೆದ್ದದ್ದು ಅಮೆರಿಕವೇ. ಆದರೂ ಬಿಡಲಿಲ್ಲ. 2002ರಲ್ಲಿ ಅಮೆರಿಕದ ಅರ್ಲ್ ಸ್ಟ್ರಿಕ್ಲೆಂಡ್‌ರನ್ನು ಸೋಲಿಸಿ ಕಪ್ಪನ್ನು ಯೂರೋಪಿಗೆ ತಂದುಕೊಟ್ಟವರು ಇದೇ ಡೇವಿಸ್. ಮಾಲ್ಟಾ ಎಂಬ ಪುಟ್ಟ ದ್ವೀಪದ ಟೋನಿ ಡ್ರಾಗೊ ಸ್ನೂಕರ್‌ನಲ್ಲಿ ಮಿಂಚಿನ ವೇಗಕ್ಕೆ ಹೆಸರಾದವರು. 2003ರಲ್ಲಿ ವಿಶ್ವ ಪೂಲ್ ಮಾಸ್ಟರ್ಸ್ ಪ್ರಶಸ್ತಿ ಗೆದ್ದರು. ಹಾಗೆಂದು ಎಲ್ಲರಿಗೂ ಹೀಗಾಗಲಿಲ್ಲ. 2019ರ ವಿಶ್ವ ಸ್ನೂಕರ್ ಚಾಂಪಿಯನ್ ಜಡ್ ಟ್ರಂಪ್ 2021ರಲ್ಲಿ ಅಟ್ಲಾಂಟಿಕ್ ಸಿಟಿಗೆ ಹೋಗಿ ಅಮೆರಿಕದ ಓಪನ್ ಪೂಲ್ ಪಂದ್ಯಾವಳಿಯಲ್ಲಿ ಆಡಿದರು. ಪ್ರಶಸ್ತಿ ಹೋದದ್ದು ಫಿಲಿಪ್ಪೀನ್ಸಿನ ಕಾರ್ಲೊ ಬಿಯಾಡೊಗೆ.

ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರದವರು ಆಲಿಸನ್ ಫಿಶರ್. ಏಳು ಸಲ ಮಹಿಳೆಯರ ವಿಶ್ವ ಸ್ನೂಕರ್ ಕಿರೀಟ ಧರಿಸಿದಾಕೆ. ಆದರೆ ಆಗ ಮಹಿಳೆಯರ ಸ್ನೂಕರ್‌ನಲ್ಲಿ ಹೊಟ್ಟೆ ತುಂಬುವಷ್ಟು ಹಣವಿರಲಿಲ್ಲ. 1995ರಲ್ಲಿ ಆಕೆ ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ ಪೂಲ್ ಕಲಿತರು. ಮರುವರ್ಷವೇ ಒಂಬತ್ತು ಚೆಂಡಿನ ಪೂಲ್‌ನಲ್ಲಿ ವಿಶ್ವ ಚಾಂಪಿಯನ್. 1997, 1998 ಮತ್ತು 2001ರಲ್ಲಿ ಮತ್ತೆ. ಹೊಟ್ಟೆಪಾಡಿಗೆ ಊರು ಬಿಟ್ಟು ಹೋಗಿ ಹೊಸ ಕಡೆ ಹೆಸರು ಮಾಡುವುದೆಂದರೇನು ಎಂಬುದನ್ನು ಗೋವೆಯ ಕನ್ನಡಿಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದಾಗ ಹುಡುಗನ ಕಣ್ಣು ಅರಳಿತು. "ನೋಡ್ರಿ ಮತ್ತ!" ಎಂದ. "ಪೂರಾ ಕೇಳಪ್ಪಾ" ಎಂದೆ.

2005-06ರಲ್ಲಿ ಅಮೆರಿಕದಲ್ಲಿ ಅಂತರರಾಷ್ಟ್ರೀಯ ಪೂಲ್ ಟೂರ್ ಎಂಬುದೊಂದು ಹುಟ್ಟಿತು. ಪೂಲ್ ಲೋಕ ಅಲ್ಲಿಯತನಕ ಕಂಡಿರದ ಬಹುಮಾನಗಳು. ಸ್ನೂಕರ್‌ನ ಮಹಾಪ್ರತಿಭೆ ರಾನಿ ಓಸಲಿವನ್ ಕೂಡ ಅಲ್ಲಿಗೆ ಹೋದರು. ಆಗಲೇ ಎರಡು ವಿಶ್ವ ಪ್ರಶಸ್ತಿ ಗೆದ್ದಿದ್ದ ಆಟಗಾರ. ಮುಂದೆ ಅದು ಏಳಕ್ಕೆ ಏರಿತು. 2006ರ ಸೆಪ್ಟೆಂಬರಿನಲ್ಲಿ ರೀನೊ ಎಂಬಲ್ಲಿ ನಡೆದ ಪಂದ್ಯಾವಳಿಯನ್ನು ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್ ಗೆದ್ದರು. ಬಹುಮಾನ 5 ಲಕ್ಷ ಡಾಲರ್. ಆದರೆ ಆಟ ಮುಗಿದ ಮೇಲೆ, ಹಣ ಒಟ್ಟಿಗೆ ಕೊಡಲಾಗುವುದಿಲ್ಲ, ಕಂತಿನಲ್ಲಿ ಕೊಡುತ್ತೇವೆ ಎಂಬ ಉತ್ತರ ಬಂತು. ಟೂರ್ ಅಲ್ಲಿಗೇ ಮುಗ್ಗರಿಸಿತು. ಓಸಲಿವನ್‌ಗೆ ಹಿಂತಿರುಗಿ ಹೋಗಲು ಸ್ನೂಕರ್ ಮೇಜು ಇತ್ತು. ಇದನ್ನೇ ನಂಬಿ ಮನೆ ನಡೆಸುತ್ತಿದ್ದ ಆಟಗಾರರ ಗತಿ ಏನು? ಲೋಕಪ್ರಸಿದ್ಧನಿಗೇ ಚೀಟಿಯಲ್ಲಿ ಬರೆದ ಹಣ ಕೈಗೆ ಬರುವುದು ಕಷ್ಟವಾದರೆ, ಬಾರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ ಅರ್ಧ ಪಾಲಿನ ಮಾತು ಏನಾದೀತು?

ಹುಡುಗ ಸುಮ್ಮನಾದ.

ಈಗ ನಮ್ಮವರನ್ನೇ ನೋಡೋಣ. ಬೆಂಗಳೂರಿನ ಪಂಕಜ್ ಅಡ್ವಾಣಿ ಅರವಿಂದ ಸವೂರರ ಕೈಯಲ್ಲಿ ತಯಾರಾದವರು. 2003ರಲ್ಲಿ ಚೀನಾದಲ್ಲಿ ಹವ್ಯಾಸಿ ಆಟಗಾರರ ವಿಶ್ವ ಸ್ನೂಕರ್ ಪ್ರಶಸ್ತಿ. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಎರಡು ಬಗೆಯಲ್ಲೂ ಒಟ್ಟಿಗೆ ವಿಶ್ವ ಪ್ರಶಸ್ತಿ. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಇಷ್ಟೆಲ್ಲ ಕೈಯಲ್ಲಿದ್ದೂ 2012ರಲ್ಲಿ ಅವರು ಇಂಗ್ಲೆಂಡಿನ ವೃತ್ತಿಪರ ಸ್ನೂಕರ್‌ಗೆ ಇಳಿದರು. ಅಲ್ಲಿ ಹಳೆಯ ಪ್ರಶಸ್ತಿಗಳಿಗೆ ಯಾರೂ ಒಂದು ಅಂಕವನ್ನೂ ಹೆಚ್ಚಿಗೆ ಕೊಡುವುದಿಲ್ಲ. ಹೊಸಬರಂತೆ ಅರ್ಹತಾ ಪಂದ್ಯಗಳಿಂದ ಆರಂಭಿಸಬೇಕು. 2013ರ ವೆಲ್ಶ್ ಓಪನ್‌ನಲ್ಲಿ ಕೊನೆಯ ಎಂಟರ ತನಕ ಹೋದರು. 2014ರಲ್ಲಿ ಆ ಟೂರನ್ನು ಬಿಟ್ಟು ಊರಿಗೆ ಬಂದರು.

ಸೋತು ಬಂದರು ಎಂದು ಕೆಲವರು ಅಂದಿರಬಹುದು. ಆದರೆ 2015ರಲ್ಲಿ ಈಜಿಪ್ಟಿನ ಹುರ್ಘಾದದಲ್ಲಿ ಹವ್ಯಾಸಿ ವಿಶ್ವ ಸ್ನೂಕರ್‌ನ ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಚೀನಾದ ಝಾವೊ ಶಿನ್‌ಟಾಂಗ್ ಎಂಬ ಹುಡುಗನನ್ನು. ಆ ಹುಡುಗ 2025ರಲ್ಲಿ ವೃತ್ತಿಪರ ಸ್ನೂಕರ್‌ನ ವಿಶ್ವ ಚಾಂಪಿಯನ್ ಆದ. ಅಡ್ವಾಣಿ 2024ರಲ್ಲಿ ದೋಹಾದಲ್ಲಿ ತಮ್ಮ 28ನೆಯ ವಿಶ್ವ ಪ್ರಶಸ್ತಿ ಗೆದ್ದರು. ಹೋದದ್ದೂ ನಷ್ಟವಲ್ಲ, ಬಂದದ್ದೂ ಅವಮಾನವಲ್ಲ.

ಬೆಂಗಳೂರಿನ ಇನ್ನಿಬ್ಬರನ್ನು ಹೇಳದೆ ಇರಲಾರೆ. ಚಿತ್ರಾ ಮಗಿಮೈರಾಜ್ ಹಾಕಿ ಆಡುತ್ತಿದ್ದವರು. ಕೋಲು ಬದಲಿಸಿ 2006 ಮತ್ತು 2007ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು, ಪೂಲ್‌ನಲ್ಲೂ ರಾಷ್ಟ್ರೀಯ ಪ್ರಶಸ್ತಿ ಪಡೆದರು. ಉಮಾದೇವಿ ನಾಗರಾಜ್ ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಟೇಬಲ್ ಟೆನಿಸ್ ಆಡಲೆಂದು ಕ್ಲಬ್ಬಿಗೆ ಹೋದವರು ಬಿಲಿಯರ್ಡ್ಸ್ ಮೇಜಿನತ್ತ ತಿರುಗಿದರು. 2012ರಲ್ಲಿ ವಿಶ್ವ ಚಾಂಪಿಯನ್. ಅವರು ಟೈಪ್ ಮಾಡುವ ಕೆಲಸ ಬಿಟ್ಟು ಆಟಕ್ಕೆ ಬಂದವರಲ್ಲ. ಕೆಲಸ ಮಾಡುತ್ತಲೇ ಆಡಿದರು.

ಹುಡುಗ ಹೋಗುವ ಮುಂಚೆ ನಾನೊಂದು ಮಾತು ಹೇಳಿದೆ. "ಮುಂದಿನ ಮಂಗಳವಾರ ಬಾ. ನಿನ್ನನ್ನು ಒಂದು ಕಡೆ ಕರೆದುಕೊಂಡು ಹೋಗುತ್ತೇನೆ."

ಕದಂಬ ಬಸ್ಸಿನಲ್ಲಿ ಮಡಗಾಂವಿಗೆ ಹೋದೆವು. ಅಲ್ಲಿ ಪರಿಚಿತರೊಬ್ಬರ ಮೂಲಕ 12 ಅಡಿಯ ಸ್ನೂಕರ್ ಮೇಜು ಒಂದು ಗಂಟೆ ಸಿಕ್ಕಿತು. ಹುಡುಗ ಮೇಜಿನ ಸುತ್ತ ಒಂದು ಸುತ್ತು ಬಂದು, "ಕಾಕಾರ, ಇದು ಮೇಜಲ್ರೀ, ಹೊಲಾ ಐತಿ" ಎಂದ. ಆಡಿದ. ಮೊದಲ ಹತ್ತು ಪೆಟ್ಟಿನಲ್ಲಿ ಒಂದು ಚೆಂಡೂ ಗುಂಡಿಗೆ ಬೀಳಲಿಲ್ಲ. ಅಲ್ಲಿದ್ದ ಇಬ್ಬರು ಹುಡುಗರು ನಕ್ಕರು. ಬಾರಿನ ಮೇಜಿನ ರಾಜ ಅವನು, ಕಿವಿ ಕೆಂಪಗಾಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ ನಮ್ಮಲ್ಲಿದೆಯಲ್ಲ, ನಾನು ಅದನ್ನೇ ಕಾಯುತ್ತಿದ್ದೆ. ಬಟ್ಟೆ ಸರಿಯಿಲ್ಲ, ಕೋಲು ಸರಿಯಿಲ್ಲ ಎನ್ನುತ್ತಾನೋ ಏನೋ ಎಂದು. ಅವನು ಹಾಗೆನ್ನಲಿಲ್ಲ. ನಕ್ಕವರ ಹತ್ತಿರವೇ ಹೋಗಿ, "ಹ್ಯಾಂಗ ನಿಂದರಬೇಕು, ಸ್ವಲ್ಪ ತೋರಸ್ರಿ" ಎಂದ. ಅವರಲ್ಲೊಬ್ಬ ಎದ್ದು ಬಂದು ಕಾಲು ಎಲ್ಲಿಡಬೇಕೆಂದು ತೋರಿಸಿದ. ಇವನು ಆಡಬಲ್ಲ ಎಂದು ನನಗೆ ನಂಬಿಕೆ ಬಂದದ್ದು ಆಗ.

ಅವನು ಕೆಲಸ ಬಿಡಲಿಲ್ಲ. ಪಣದ ಆಟಕ್ಕೆ ಕರೆದವರಿಗೆ, "ನನ್ನ ರೊಕ್ಕದಾಗ ನಾ ಆಡತೀನ್ರಿ" ಎಂದು ಹೇಳಿ ಕೈ ಮುಗಿದನಂತೆ. ಪ್ರತಿ ಮಂಗಳವಾರ ಮಡಗಾಂವಿಗೆ ಹೋಗುತ್ತಾನೆ. ಕಳೆದ ತಿಂಗಳು ಒಂದು ಚಿಕ್ಕ ಪಂದ್ಯದಲ್ಲಿ ಹೆಸರು ಕೊಟ್ಟು ಮೊದಲ ಸುತ್ತಿನಲ್ಲೇ ಸೋತು ಬಂದ. ಬಂದವನು ಸೋತ ಪಂದ್ಯವನ್ನು ಅರ್ಧ ಗಂಟೆ ವರ್ಣಿಸಿದ.

ಅವತ್ತು ಅವನ ತಂದೆಯೂ ಜೊತೆಗೆ ಬಂದಿದ್ದರು. ಮಗನ ಮಾತೆಲ್ಲ ಮುಗಿದ ಮೇಲೆ ಚಹಾ ಬಸಿಗೆ ಕೆಳಗಿಟ್ಟು ಹೇಳಿದರು: "ಊರಾಗ ನಾ ದೊಡ್ಡ ಗೌಂಡಿ ಇದ್ದೆರಿ. ಇಲ್ಲಿಗೆ ಬಂದ್ರ ಕಲ್ಲ ಬ್ಯಾರೆ, ಚಿರೇಕಲ್ಲು. ಮಳಿ ಬ್ಯಾರೆ. ನನ್ನ ಗೋಡಿ ನೋಡಿ ನಕ್ರು. ಒಂದು ವರ್ಷ ಗಾರಿ ಕಲಸಿ ಕೊಟ್ಟೆ, ಕೂಲಿ ಆಳಾಗಿ. ಆಮ್ಯಾಲ ಕರಣಿ ಹಿಡದೆ."

ಹುಡುಗ ತಂದೆಯ ಮುಖ ನೋಡಿದ. ಈ ಸಂಗತಿ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಕೇಳುಗರೇ, ನಿಮ್ಮ ಮನೆಯಲ್ಲೂ ಮೊದಲ ವರ್ಷದ ಇಂಥ ಒಂದು ಕತೆ ಇದ್ದೇ ಇರುತ್ತದೆ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಅದನ್ನು ಹೇಳಿ.