ಮಲಗಿರೋ ಸಿಂಹ ಏನ್ ಕೆಲಸ ಮಾಡ್ತಿದೆ?

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಒಂದು ಆರೇಳು ನಿಮಿಷ ನನ್ನ ಜೊತೆ ಇರಿ. ಇವತ್ತು ಸಿಂಹದ ಕಥೆ.

ಮೊನ್ನೆ ಫ್ರೆಂಡ್ ಒಬ್ಬ ರೀಲ್ ಕಳಿಸಿದ್ದ. ದೊಡ್ಡ ಗಂಡು ಸಿಂಹ ಮಲಗಿದೆ. ಪುಟಾಣಿ ಮರಿ ಬಂದು ಅದರ ಬಾಲ ಕಚ್ಚುತ್ತೆ. ಸಿಂಹ ಹಲ್ಲು ತೋರಿಸಿ ಗುರ್ ಅನ್ನುತ್ತೆ, ಮತ್ತೆ ಮಲಗುತ್ತೆ. ಕೆಳಗೆ ಕಮೆಂಟಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ, "ಅಪ್ಪ ಅಂದ್ರೆ ಹೀಗಿರಬೇಕು" ಅನ್ನುತ್ತೆ. ಇನ್ನೊಂದು, "ಬೇಟೆ ಆಡೋದು ಹೆಣ್ಣು, ಮರಿ ಸಾಕೋದು ಹೆಣ್ಣು, ಇವನು ಬರೀ ತಿಂದು ಮಲಗೋ ಸೋಂಬೇರಿ" ಅನ್ನುತ್ತೆ. ನಾನು ಇಷ್ಟು ದಿನ ಎರಡನೇ ಪಾರ್ಟಿ. ಈ ಎಪಿಸೋಡ್‌ಗೆ ಓದೋಕೆ ಕೂತ ಮೇಲೆ ಎರಡೂ ಪಾರ್ಟಿ ಅರ್ಧರ್ಧ ತಪ್ಪು ಅಂತ ಗೊತ್ತಾಯ್ತು.

ಮೊದಲು ಬೇಸಿಕ್ಸ್. ಆಫ್ರಿಕಾದ ಸಿಂಹಗಳ ಗುಂಪಿಗೆ ಪ್ರೈಡ್ ಅಂತಾರೆ. ಅದರ ಕಾಯಂ ಸದಸ್ಯರು ಹೆಣ್ಣುಗಳು: ಅಕ್ಕತಂಗಿಯರು, ಅಮ್ಮ, ಚಿಕ್ಕಮ್ಮ, ದೊಡ್ಡಮ್ಮ. ಗಂಡುಗಳು ಹೊರಗಿನಿಂದ ಬರೋರು. ಇಬ್ಬರು, ಮೂವರು, ಕೆಲವು ಸಲ ಇನ್ನೂ ಹೆಚ್ಚು ಗಂಡುಗಳು ಜೊತೆಯಾಗಿ ಬಂದು ಹಳೇ ಗಂಡುಗಳನ್ನ ಓಡಿಸಿ ಜಾಗ ಹಿಡೀತಾರೆ. ಮರಿ ಹಾಕೋ ಹೊತ್ತಿಗೆ ತಾಯಿ ಗುಂಪು ಬಿಟ್ಟು ಹೋಗ್ತಾಳೆ. ಒಂದೂವರೆ ತಿಂಗಳ ಹತ್ತಿರ ಮರಿಗಳನ್ನ ಪೊದೆಯಲ್ಲೋ ಬಂಡೆ ಸಂದಿಯಲ್ಲೋ ಬಚ್ಚಿಟ್ಟು ಸಾಕಿ, ಆಮೇಲೆ ಗುಂಪಿಗೆ ಕರ್ಕೊಂಡು ಬರ್ತಾಳೆ. ಅಪ್ಪನಿಗೂ ಮರಿಗೂ ಸಾಮಾನ್ಯವಾಗಿ ಪರಿಚಯ ಆಗೋದು ಆವಾಗ.

ಆ ಪರಿಚಯದಲ್ಲಿ ಪ್ರೀತಿ ಥರ ಕಾಣೋದು ಇದ್ದೇ ಇದೆ. ತಲೆ ಉಜ್ಜೋದು, ಮೈಮೇಲೆ ಹತ್ತಿದ್ರೂ ಸಹಿಸ್ಕೊಳ್ಳೋದು. ಮಾಂಸದ ಹತ್ರ ಹೆಣ್ಣುಗಳನ್ನ ಗದರಿಸಿ ಓಡಿಸೋ ಗಂಡು, ಮರಿ ಬಂದು ಬಾಯಿ ಹಾಕಿದ್ರೆ ಸುಮ್ಮನಿರೋದೂ ಉಂಟು. ಆದರೆ ಹಸಿವು ಜಾಸ್ತಿ ಇದ್ದಾಗ ಅದೇ ಮರಿಗೂ ಪಂಜದ ಏಟು ಬೀಳುತ್ತೆ. ಹಾಗಾಗಿ ರೀಲ್ ನೋಡಿ ಕಣ್ಣೀರು ಹಾಕಬೇಡಿ. ಅವನ ನಿಜವಾದ ಕೆಲಸ ಕ್ಯಾಮೆರಾ ಮುಂದೆ ನಡೆಯೋದು ಕಡಿಮೆ.

ಆ ಕೆಲಸ ಏನು? ಕಾವಲು. ಗಡಿ ಉದ್ದಕ್ಕೂ ಓಡಾಡೋದು, ಮೂತ್ರ ಸಿಂಪಡಿಸಿ ಗುರುತು ಮಾಡೋದು, ರಾತ್ರಿ ಘರ್ಜಿಸೋದು. ಸಿಂಹದ ಘರ್ಜನೆ 8 ಕಿಲೋಮೀಟರ್ ದೂರದವರೆಗೂ ಕೇಳಿಸಬಲ್ಲದು. ಯಾಕೆ ಇಷ್ಟೆಲ್ಲ? ಯಾಕಂದ್ರೆ ಬೇರೆ ಗಂಡು ಒಳಗೆ ಬಂದ್ರೆ ಸಾಮಾನ್ಯವಾಗಿ ಮಾಡೋ ಮೊದಲ ಕೆಲಸ, ಚಿಕ್ಕ ಮರಿಗಳನ್ನ ಕೊಲ್ಲೋದು.

ನಾನು ಬಿಕಾಂ ಹುಡುಗ, ಲೆಕ್ಕದಲ್ಲೇ ಹೇಳ್ತೀನಿ. ಗರ್ಭ ಸುಮಾರು 110 ದಿನ. ಮರಿ ತನ್ನ ಕಾಲ ಮೇಲೆ ನಿಲ್ಲೋಕೆ ಹತ್ತಿರ ಹತ್ತಿರ ಎರಡು ವರ್ಷ. ಅಲ್ಲಿವರೆಗೂ ತಾಯಿ ಸಾಮಾನ್ಯವಾಗಿ ಮತ್ತೆ ಗರ್ಭ ಧರಿಸಲ್ಲ. ಆದರೆ ಒಂದು ಗಂಡಿನ ಆಳ್ವಿಕೆ ಸರಾಸರಿ ಎರಡು ಮೂರು ವರ್ಷ ಅಷ್ಟೇ. ಅಂದ್ರೆ ಹೊಸದಾಗಿ ಬಂದವನಿಗೆ ಕಾಯೋಕೆ ಟೈಮಿಲ್ಲ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರ್ತಾಳೆ. ಕ್ರೂರ, ಆದರೆ ಲೆಕ್ಕ ಅದೇ. ಮತ್ತೆ ಇದನ್ನೂ ಮರೀಬೇಡಿ: ಇವತ್ತು ಮರಿಗಳಿಗೆ ಕಾವಲು ನಿಂತಿರೋ ಅಪ್ಪ ಕೂಡ ಗುಂಪಿಗೆ ಬಂದ ದಿನ ಇದನ್ನೇ ಮಾಡಿರಬಹುದು.

ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಸಂಶೋಧಕರು 90ರ ದಶಕದಲ್ಲಿ ಸ್ಪೀಕರ್ ಇಟ್ಟು ಘರ್ಜನೆ ಕೇಳಿಸಿದ್ರು. ಸ್ವಂತ ಗುಂಪಿನ ಗಂಡಿನ ದನಿ ಕೇಳಿದಾಗ ಮರಿ ಇದ್ದ ತಾಯಂದಿರು ಆರಾಮಾಗಿದ್ರು. ಅಪರಿಚಿತ ಗಂಡಿನ ದನಿ ಕೇಳಿದ್ದೇ ಗಾಬರಿಯಾದ್ರು. ಅದೇ ಅಪರಿಚಿತ ದನಿ ಕೇಳಿದ ಗುಂಪಿನ ಗಂಡುಗಳು ಸ್ಪೀಕರ್ ಕಡೆಗೇ ಹೊರಟವು. ಜೊತೆಗಾರ ಸ್ವಂತ ಅಣ್ಣತಮ್ಮ ಆಗಿರಲಿ, ಬಿಡಲಿ, ಒಟ್ಟಿಗೇ ಹೋದವು.

ಈ ಕೊನೇ ಮಾತು ನೆನಪಿಟ್ಕೊಂಡು ಈಗ ಜಿಂಬಾಬ್ವೆಗೆ ಬನ್ನಿ. ಹ್ವಾಂಗೆ ನ್ಯಾಷನಲ್ ಪಾರ್ಕ್. ಅಲ್ಲಿನ ಸೆಸಿಲ್ ಹೆಸರು ಕೇಳಿರ್ತೀರ. ಕಪ್ಪು ಕೇಸರದ 13 ವರ್ಷದ ಸಿಂಹ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಕುತ್ತಿಗೆಗೆ ಜಿಪಿಎಸ್ ಕಾಲರ್ ಹಾಕಿದ್ರು. 2015ರ ಜುಲೈನಲ್ಲಿ, ಪಾರ್ಕಿನ ಗಡಿಯ ಹೊರಗೆ, ಅಮೆರಿಕದಿಂದ ಬಂದ ಒಬ್ಬ ಟ್ರೋಫಿ ಬೇಟೆಗಾರ ಅದನ್ನ ಕೊಂದ. ಜಗತ್ತೆಲ್ಲ ಸಿಟ್ಟಾಯ್ತು. ಆದರೆ ಸಿಂಹ ಗೊತ್ತಿದ್ದವರಿಗೆ ಇನ್ನೊಂದು ಭಯ ಇತ್ತು: ಸೆಸಿಲ್ ಮರಿಗಳ ಗತಿ ಏನು?

ಸೆಸಿಲ್‌ಗೆ ಒಬ್ಬ ಜೊತೆಗಾರ ಇದ್ದ, ಜೆರಿಕೊ. ರಕ್ತ ಸಂಬಂಧ ಇಲ್ಲ, ಬರೀ ದೋಸ್ತಿ. ಅವನೇ ಮರಿಗಳನ್ನ ಕೊಲ್ತಾನೆ ಅಂತ ತುಂಬಾ ಕಡೆ ಸುದ್ದಿ ಬಂತು. ಜೆರಿಕೊನೂ ಸತ್ತ ಅಂತ ಸುಳ್ಳು ಸುದ್ದಿ ಹಬ್ಬಿತು, ಕಾಲರ್ ಸಿಗ್ನಲ್ ನೋಡಿ ಬದುಕಿದ್ದಾನೆ ಅಂತ ಖಚಿತ ಮಾಡಬೇಕಾಯ್ತು. ಆಮೇಲೆ ನೋಡಿದ್ರೆ ಅವನು ಗುಂಪಿನ ಜೊತೆಗೇ ಇದ್ದ, ಮರಿಗಳ ತಂಟೆಗೆ ಹೋಗಲಿಲ್ಲ. ಲಯನ್ ಕಿಂಗ್ ಸಿನಿಮಾದಲ್ಲಿ ಚಿಕ್ಕಪ್ಪ ವಿಲನ್. ಹ್ವಾಂಗೆಯಲ್ಲಿ ಚಿಕ್ಕಪ್ಪ ಕಾವಲು ನಿಂತ. ಜೊತೆಗೂಡಿ ಗುಂಪು ಕಾಯೋ ಗಂಡುಗಳಿಗೆ ಯಾವ ಮರಿ ಯಾರದ್ದು ಅನ್ನೋ ಖಾತ್ರಿ ಇರಲ್ಲ. ಹಾಗಾಗಿ ಎಲ್ಲವನ್ನೂ ಕಾಯ್ತಾರೆ. 2016ರಲ್ಲಿ ಜೆರಿಕೊ ಸಹಜವಾಗಿ ಸತ್ತ. 2017ರಲ್ಲಿ ಸೆಸಿಲ್ ಮಗ ಕ್ಸಾಂಡಾನನ್ನೂ ಟ್ರೋಫಿಗಾಗಿಯೇ ಕೊಂದ್ರು. ಅವನಿಗೂ ಮರಿಗಳಿದ್ದವು.

ಇದು ಒಂದು ಕುಟುಂಬದ ಕಥೆ ಅಲ್ಲ. ಹ್ವಾಂಗೆಯಲ್ಲಿ 1999ರಿಂದ 2004ರವರೆಗೆ ನಡೆದ ಅಧ್ಯಯನದಲ್ಲಿ, ಗುರುತು ಹಾಕಿದ್ದ ವಯಸ್ಕ ಗಂಡುಗಳಲ್ಲಿ 72% ಪಾರ್ಕಿನ ಸುತ್ತಲಿನ ಬೇಟೆಗಾರರ ಕೈಯಲ್ಲೇ ಸತ್ತಿದ್ದವು. ಆಮೇಲೆ ಕೆಲವು ವರ್ಷ ಅಲ್ಲಿ ಸಿಂಹ ಬೇಟೆ ನಿಲ್ಲಿಸಬೇಕಾಯ್ತು. ಪರ್ಮಿಟ್ ಮೇಲೆ ಒಂದು ಸಿಂಹ ಅಂತ ಇರುತ್ತೆ. ಆದರೆ ಕಾವಲು ಹೋದ ಗುಂಪಿಗೆ ಹೊಸ ಗಂಡು ನುಗ್ಗಿದ್ರೆ ಸಾಯೋ ಮರಿಗಳು ಯಾವ ಲೆಕ್ಕದ ಪುಸ್ತಕದಲ್ಲೂ ಬರಲ್ಲ.

ನಮ್ಮ ಗಿರ್ ಸಿಂಹಗಳ ಬಗ್ಗೆ ಕೇಳ್ತೀರ ಅಂತ ಗೊತ್ತು. ಗುಜರಾತಲ್ಲಿ 2025ರ ಗಣತಿ ಪ್ರಕಾರ 891 ಇವೆ. ಅಲ್ಲಿ ಗಂಡುಗಳು ಹೆಣ್ಣುಗಳ ಜೊತೆ ಸಂಸಾರ ಮಾಡಲ್ಲ, ಬಹುಪಾಲು ಬೇರೇನೇ ಇರ್ತವೆ. ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಿರ್‌ನ ಹೆಣ್ಣುಗಳು ಸುತ್ತಮುತ್ತಲಿನ ಬೇರೆ ಬೇರೆ ಗಂಡು ಜೋಡಿಗಳ ಜೊತೆ ಕೂಡ್ತವೆ. "ಇದು ನನ್ನದೇ ಇರಬಹುದು" ಅನ್ನೋ ಹಾಗಿದ್ರೆ ಗಂಡು ಮರಿ ಮುಟ್ಟಲ್ಲ. ಆಫ್ರಿಕಾದಲ್ಲಿ ಅಪ್ಪನ ಕಾವಲು, ಗಿರ್‌ನಲ್ಲಿ ಅಮ್ಮನ ಬುದ್ಧಿ.

ಸರಿ, ಆ ರೀಲ್‌ಗೆ ವಾಪಸ್ ಬರೋಣ. ಸಿಂಹನ ನೋಡಿ ಮನುಷ್ಯರು ಅಪ್ಪಂದಿರಾಗೋದು ಕಲೀಬೇಕು ಅಂತ ನಾನು ಖಂಡಿತ ಹೇಳಲ್ಲ. ಆದರೆ ಇನ್ಶೂರೆನ್ಸ್ ಕಟ್ಟುವಾಗ ದುಡ್ಡು ದಂಡ ಅನ್ಸುತ್ತಲ್ಲ, ಹಾಗೆ ಇದು. ಅವನು ಮಲಗಿರೋವಷ್ಟು ದಿನ ಸೋಂಬೇರಿ ಥರಾನೇ ಕಾಣ್ತಾನೆ. ಮರಿ ಅವನ ಬಾಲ ಕಚ್ಚಿ ಆಡೋ ಧೈರ್ಯ ಮಾಡ್ತಿದೆ ಅಂದ್ರೆ, ರಾತ್ರಿ ಅವನು ಡ್ಯೂಟಿ ಮುಗಿಸಿ ಬಂದಿದ್ದಾನೆ ಅಂತ ಅರ್ಥ.

ಎಪಿಸೋಡ್ ಇಷ್ಟ ಆದ್ರೆ "ಸೋಂಬೇರಿ" ಅಂತ ಕಮೆಂಟ್ ಹಾಕಿರೋ ಫ್ರೆಂಡ್‌ಗೆ ಕಳಿಸಿ.